ಮೊದಲು ಮೊಕದ್ದಮೆ, ಆಮೇಲೆ ಬಾಂಬು
(ಮಾಸಿಕ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ಪತ್ರಕರ್ತರ ರಕ್ಷಣೆ ಎಂಬ ವಿಷಯ ಮಠದ ವೇದಿಕೆಯಲ್ಲಿ ಏಕೆ ಎಂದು ಒಬ್ಬಿಬ್ಬರು ಕೇಳಿದರು. ಎರಡು ಹೆಸರು ಹೇಳಿದರೆ ಸಾಕು. 2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಮನೆಯ ಮುಂದೆ ಕೊಂದರು. ಅದಕ್ಕೂ ಮುಂಚಿನ ತಿಂಗಳಷ್ಟೇ ಗೌರಿಯವರು ಲಿಂಗಾಯತ-ವೀರಶೈವ ಚರ್ಚೆಯ ಬಗ್ಗೆ ಲೇಖನ ಬರೆದಿದ್ದರು. ಆ ಲೇಖನಕ್ಕಾಗಿಯೇ ಕೊಂದರು ಎಂದು ನಾನು ಹೇಳುತ್ತಿಲ್ಲ. ಯಾಕೆ ಕೊಂದರು ಎಂಬುದನ್ನು ನ್ಯಾಯಾಲಯ ಹೇಳಬೇಕು. ನಮ್ಮ ವಿಷಯವನ್ನು ಬರೆದವರು ಹೋದರು, ಆದ್ದರಿಂದ ಈ ಮಾತು ನಮ್ಮ ಮನೆಯದೂ ಹೌದು ಎಂದಷ್ಟೇ ಹೇಳುತ್ತಿದ್ದೇನೆ.

ಆದರೆ ಇವತ್ತು ಹೆಚ್ಚು ಹೊತ್ತು ಇನ್ನೊಂದು ಊರಿನ ಕತೆ ಹೇಳುತ್ತೇನೆ. ನಮ್ಮ ಮನೆಯ ಸಾವನ್ನು ನೆನೆದರೆ ಸಿಟ್ಟು ಬರುತ್ತದೆ, ದುಃಖ ಬರುತ್ತದೆ. ದೂರದ್ದನ್ನು ನೋಡಿದಾಗ ಕೆಲಸ ಹೇಗೆ ನಡೆಯಿತು ಎಂಬುದು ಕಾಣುತ್ತದೆ.

ಮಾಲ್ಟಾ ಎಂಬುದು ಮೆಡಿಟರೇನಿಯನ್ ಸಮುದ್ರದಲ್ಲಿರುವ ಪುಟ್ಟ ದೇಶ. ಮುನ್ನೂರು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಂದರೆ ನಮ್ಮ ಎಷ್ಟೋ ತಾಲ್ಲೂಕುಗಳಿಗಿಂತ ಚಿಕ್ಕದು. ಯುರೋಪಿಯನ್ ಒಕ್ಕೂಟದ ಸದಸ್ಯ ದೇಶ. ಅಲ್ಲಿ ಪ್ರಜಾಪ್ರಭುತ್ವವಿದೆ, ಚುನಾವಣೆಯಿದೆ, ನ್ಯಾಯಾಲಯವಿದೆ. ಯುದ್ಧವಿಲ್ಲ. ಅಲ್ಲಿನ ಪತ್ರಕರ್ತೆ ಡಾಫ್ನಿ ಕರುವಾನಾ ಗಲಿಟ್ಸಿಯಾ. ಮೂರು ಗಂಡುಮಕ್ಕಳ ತಾಯಿ. ಮಂತ್ರಿಯೊಬ್ಬರು ಮತ್ತು ಪ್ರಧಾನಿ ಕಚೇರಿಯ ಮುಖ್ಯಸ್ಥರು ಪನಾಮಾದಲ್ಲಿ ಗುಟ್ಟಾಗಿ ಕಂಪನಿ ಇಟ್ಟುಕೊಂಡಿದ್ದಾರೆ ಎಂದು 2016ರಲ್ಲಿ ಬರೆದರು. ಕೆಲವೇ ವಾರಗಳಲ್ಲಿ ಪನಾಮಾ ಪೇಪರ್ಸ್ ಹೊರಬಂತು, ಬರೆದದ್ದು ನಿಜ ಎಂದು ಜಗತ್ತಿಗೇ ಗೊತ್ತಾಯಿತು.

ಈಗ ಗಮನಿಸಿ. ಅವರನ್ನು ನೇರವಾಗಿ ಕೊಲ್ಲಲು ಹೋಗಲಿಲ್ಲ. ಮೊದಲು ಹೆಸರು ಕೆಡಿಸಿದರು. ಮಾಟಗಾತಿ ಎಂದರು. ವರ್ಷಗಳ ಹಿಂದೆ ನಾಯಿಯ ಕತ್ತು ಕೊಯ್ದಿದ್ದರು, ಮನೆಗೆ ಬೆಂಕಿ ಇಟ್ಟಿದ್ದರು. ನಂತರ ಮೊಕದ್ದಮೆ. ಸಾಯುವ ಹೊತ್ತಿಗೆ ಅವರ ಮೇಲೆ ನಲವತ್ತಕ್ಕೂ ಹೆಚ್ಚು ಮಾನನಷ್ಟ ದಾವೆಗಳಿದ್ದವು. ಒಬ್ಬ ಮಂತ್ರಿ ನ್ಯಾಯಾಲಯದ ಮೂಲಕ ಅವರ ಬ್ಯಾಂಕ್ ಖಾತೆಯನ್ನೇ ತಡೆಹಿಡಿಸಿದ್ದರು. 2017ರ ಅಕ್ಟೋಬರ್ 16ರ ಮಧ್ಯಾಹ್ನ ಆ ಖಾತೆಯ ಕೆಲಸಕ್ಕೇ ಬ್ಯಾಂಕಿಗೆ ಹೊರಟಾಗ ಕಾರಿನಲ್ಲಿಟ್ಟಿದ್ದ ಬಾಂಬು ಸಿಡಿಯಿತು. ಮನೆಯಲ್ಲಿದ್ದ ಮಗನಿಗೆ ಸದ್ದು ಕೇಳಿಸಿತು. ಗೌರಿಯವರು ಹೋಗಿ ಅಂದಿಗೆ 41 ದಿನ.

ತಾಯಿ ಸತ್ತ ಮೇಲೂ ದಾವೆಗಳು ಮುಗಿಯಲಿಲ್ಲ. ಗಂಡ ಮತ್ತು ಮಕ್ಕಳ ಮೇಲೆ ಮುಂದುವರಿದವು. ಸಾಲ ವಾರಸುದಾರರಿಗೆ ಬಂದ ಹಾಗೆ!

ಗೌರಿಯವರದೂ ಇದೇ ದಾರಿ ಎಂಬುದನ್ನು ನಾವು ಮರೆತಿದ್ದೇವೆ. 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಅವರಿಗೆ ಮಾನನಷ್ಟ ಪ್ರಕರಣದಲ್ಲಿ ಆರು ತಿಂಗಳ ಶಿಕ್ಷೆ ವಿಧಿಸಿತ್ತು. 2008ರಲ್ಲಿ ಅಚ್ಚಾಗಿದ್ದ ವರದಿ, ಎಂಟು ವರ್ಷದ ಅಲೆದಾಟ. ಆ ವರದಿ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ತಪ್ಪು ಬರೆದರೆ ತಿದ್ದುಪಡಿ ಹಾಕಲಿ, ಪರಿಹಾರ ಕೊಡಲಿ. ಜೈಲು ಏಕೆ? ಮಾಲ್ಟಾ 2018ರಲ್ಲಿ ಕ್ರಿಮಿನಲ್ ಮಾನನಷ್ಟವನ್ನು ಕಾನೂನಿನಿಂದ ತೆಗೆದುಹಾಕಿತು. ನಮ್ಮಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ 356ನೇ ಕಲಮು ಆಗಿ ಅದು ಉಳಿದಿದೆ.

ಮಾಲ್ಟಾದಲ್ಲಿ ಜನ ಏನು ಮಾಡಿದರು? ರಾಜಧಾನಿ ವಲೆಟ್ಟಾದಲ್ಲಿ ನ್ಯಾಯಾಲಯದ ಎದುರಿಗೆ ಒಂದು ಹಳೆಯ ಸ್ಮಾರಕವಿದೆ. ಅದರ ಬುಡದಲ್ಲಿ ಡಾಫ್ನಿಯವರ ಚಿತ್ರ, ಹೂವು, ಮೇಣದಬತ್ತಿ ಇಟ್ಟರು. ರಾತ್ರಿ ಸರ್ಕಾರದ ಆಳುಗಳು ಬಂದು ಗುಡಿಸಿ ಹಾಕಿದರು. ಬೆಳಿಗ್ಗೆ ಜನ ಮತ್ತೆ ಇಟ್ಟರು. ಇದು ಒಂದೆರಡು ದಿನ ಅಲ್ಲ, ವರ್ಷಗಟ್ಟಲೆ ನಡೆಯಿತು. ಹೀಗೆ ತೆಗೆಸಿದ್ದು ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಎಂದು 2020ರಲ್ಲಿ ನ್ಯಾಯಾಲಯವೇ ಹೇಳಿತು. 2019ರ ಕೊನೆಯಲ್ಲಿ ದೊಡ್ಡ ಉದ್ಯಮಿಯೊಬ್ಬರ ಬಂಧನವಾದಾಗ (ಅವರು ಆರೋಪ ನಿರಾಕರಿಸಿದ್ದಾರೆ) ಜನ ಬೀದಿಗಿಳಿದರು. ಪ್ರಧಾನಿ 2020ರ ಜನವರಿಯಲ್ಲಿ ಕುರ್ಚಿ ಬಿಡಬೇಕಾಯಿತು. ಬಾಂಬು ಇಟ್ಟ ಇಬ್ಬರು ಅಣ್ಣತಮ್ಮಂದಿರಿಗೆ 2022ರಲ್ಲಿ ತಲಾ 40 ವರ್ಷ ಶಿಕ್ಷೆಯಾಯಿತು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು 2021ರ ವಿಚಾರಣಾ ವರದಿ. ಮನೆಯವರು ಪಟ್ಟುಹಿಡಿದು, ಯುರೋಪಿನ ಒತ್ತಡ ಬಂದು, ಮೂವರು ನ್ಯಾಯಾಧೀಶರ ಸಮಿತಿ ಕೂತಿತು. ಕೊಲೆಯಲ್ಲಿ ಸರ್ಕಾರದ ನೇರ ಕೈವಾಡಕ್ಕೆ ಸಾಕ್ಷಿ ಸಿಗಲಿಲ್ಲ ಎಂದಿತು. ಆದರೂ ಕೊಲೆಯ ಹೊಣೆಯನ್ನು ಸರ್ಕಾರ ಹೊರಬೇಕು ಎಂದಿತು. ಏಕೆಂದರೆ, ಏನು ಮಾಡಿದರೂ ದಕ್ಕುತ್ತದೆ ಎಂಬ ವಾತಾವರಣವನ್ನು ಬೆಳೆಸಿದ್ದು ಮೇಲೆ ಕೂತವರು.

ಈ ವಾತಾವರಣ ಎಷ್ಟು ಹಬ್ಬಿದೆ ಎಂಬುದಕ್ಕೆ ಒಂದು ಅಂಕಿ. 2006ರಿಂದ ಈಚೆಗೆ ನಡೆದ ಪತ್ರಕರ್ತರ ಹತ್ಯೆಗಳಲ್ಲಿ ನೂರಕ್ಕೆ 85 ಪ್ರಕರಣ ಇತ್ಯರ್ಥವಾಗಿಲ್ಲ ಎಂದು ಯುನೆಸ್ಕೊ 2024ರಲ್ಲಿ ಹೇಳಿದೆ. ಸಾಯುವವರೆಲ್ಲ ಯುದ್ಧಭೂಮಿಯಲ್ಲೂ ಇರುವುದಿಲ್ಲ. 2025ರ ಜನವರಿಯಲ್ಲಿ ಛತ್ತೀಸಗಢದ ಬಿಜಾಪುರದಲ್ಲಿ ರಸ್ತೆ ಕಾಮಗಾರಿಯ ಕಳಪೆತನ ತೋರಿಸಿದ್ದ ಯುವಕ ಮುಕೇಶ್ ಚಂದ್ರಾಕರ್ ಅವರ ಹೆಣ ಗುತ್ತಿಗೆದಾರನ ಜಾಗದ ಶೌಚಗುಂಡಿಯಲ್ಲಿ ಸಿಕ್ಕಿತು. ರಸ್ತೆಯ ಸುದ್ದಿ, ಬಂಧುಗಳೇ. ಅಂಥ ರಸ್ತೆ ಯಾವ ತಾಲ್ಲೂಕಿನಲ್ಲಿಲ್ಲ?

ಡಾಫ್ನಿಯವರ ಸಾವಿನ ನಂತರ ಇನ್ನೊಂದು ಕೆಲಸ ನಡೆಯಿತು. 18 ಸುದ್ದಿಸಂಸ್ಥೆಗಳ 45 ಪತ್ರಕರ್ತರು ಸೇರಿ ಅವರು ಅರ್ಧಕ್ಕೆ ಬಿಟ್ಟ ತನಿಖೆಗಳನ್ನು ಮುಂದುವರಿಸಿದರು. ಕೊಂದವನಿಗೆ ಕೊಲೆಯಿಂದ ಲಾಭವೇ ಆಗದ ಹಾಗೆ ಮಾಡುವುದು ಅವರ ಲೆಕ್ಕ. 2024ರಲ್ಲಿ ಯುರೋಪಿಯನ್ ಒಕ್ಕೂಟ ಒಂದು ಕಾನೂನು ತಂದಿತು. ಬಾಯಿ ಮುಚ್ಚಿಸಲೆಂದೇ ಹೂಡಿದ, ಹುರುಳಿಲ್ಲದ ದಾವೆಯನ್ನು ನ್ಯಾಯಾಧೀಶರು ಮೊದಲಲ್ಲೇ ವಜಾ ಮಾಡಿ, ಖರ್ಚನ್ನು ದಾವೆ ಹಾಕಿದವನ ಮೇಲೆ ಹೊರಿಸಬಹುದು. ಜನ ಅದನ್ನು ಡಾಫ್ನಿ ಕಾನೂನು ಎನ್ನುತ್ತಾರೆ. ಒಂದಕ್ಕಿಂತ ಹೆಚ್ಚು ದೇಶಗಳಿಗೆ ಸಂಬಂಧಿಸಿದ ದಾವೆಗಳಿಗಷ್ಟೇ ಅನ್ವಯ, ಅದು ಕೊರತೆಯೇ.

ಅಂಥ ಕಾನೂನು ನಮಗೆ ಬರುವ ತನಕ ನಾವು ಕೈಕಟ್ಟಿ ಕೂರಬೇಕಿಲ್ಲ. ತಾಲ್ಲೂಕಿನ ವರದಿಗಾರನಿಗೆ ಸರಿಯಾದ ಸಂಬಳವಿಲ್ಲ, ಪತ್ರಿಕೆ ಬೆನ್ನಿಗಿಲ್ಲ. ದೂರದ ಊರಿನ ಕೋರ್ಟಿನಿಂದ ಸಮನ್ಸ್ ಬಂದರೆ ಬಸ್ ಚಾರ್ಜಿಗೇ ಅವನು ಸೋಲುತ್ತಾನೆ. ನಮ್ಮ ಸಮಾಜದಲ್ಲಿ ವಕೀಲರಿಗೆ ಬರವಿಲ್ಲ. ಮಠದ ವತಿಯಿಂದ ಜಿಲ್ಲೆಗೆ ನಾಲ್ಕು ವಕೀಲರು ಇಂಥ ಮೊಕದ್ದಮೆಗಳನ್ನು ಫೀ ಇಲ್ಲದೆ ನಡೆಸಲಿ ಎಂದು ಪೂಜ್ಯರಲ್ಲಿ ಅರಿಕೆ ಮಾಡಿದ್ದೇನೆ. ವರದಿಗಾರ ಯಾವ ಜಾತಿ, ಯಾವ ಪಕ್ಷ ಎಂದು ಕೇಳಬಾರದು. ನಮ್ಮ ಮಠವನ್ನೇ ಟೀಕಿಸಿ ಬರೆದವನಾದರೂ ಸರಿ. ಪೂಜ್ಯರು ಆಗಲಿ ಎಂದಿದ್ದಾರೆ. ಹೆಸರು ಬರೆಸುವ ವಕೀಲ ಬಂಧುಗಳು ಪ್ರಸಾದದ ಹೊತ್ತಿಗೆ ನನ್ನನ್ನು ಕಾಣಬೇಕು.