ಮನೆಗೊಂದು ಬಾಳಿಕೆಯ ಕಂಪ್ಯೂಟರ್
(ಚೆನ್ನೈಯಲ್ಲಿ ನಮ್ಮ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಹೋಟೆಲ್ ಕೆಲಸಗಾರರ ಸಭೆಯಲ್ಲಿ ಕಂಪ್ಯೂಟರಿನ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಸಂಬಳ, ರಜೆ, ಬೋನಸ್ಸುಗಳ ಮಾತು ನಮಗೆ ಯಾವಾಗಲೂ ಇದ್ದೇ ಇದೆ. ಆದರೆ ಈಗೀಗ ಸಂಘದ ಕಚೇರಿಗೆ ಬರುವ ಬಂಧುಗಳು ಇನ್ನೊಂದು ಪ್ರಶ್ನೆಯನ್ನೂ ತರುತ್ತಿದ್ದಾರೆ. “ಹುಡುಗ ಡಿಪ್ಲೊಮಾಕ್ಕೆ ಸೇರಿದ್ದಾನೆ, ಕಂಪ್ಯೂಟರ್ ಇಲ್ಲದೆ ಆಗುವುದಿಲ್ಲವಂತೆ, ಯಾವುದನ್ನು ಕೊಳ್ಳುವುದು?” ಎಂಬುದೇ ಆ ಪ್ರಶ್ನೆ. ಸಪ್ಲೈ ಮಾಡುವವನಿಗಾಗಲಿ, ಕಾವಲಿಯ ಮುಂದೆ ನಿಲ್ಲುವವನಿಗಾಗಲಿ ಇದು ಒಂದೆರಡು ತಿಂಗಳ ದುಡಿಮೆಯನ್ನು ಒಮ್ಮೆಗೇ ಕೈಬಿಡುವ ವ್ಯಾಪಾರ. ಕೊಂಡದ್ದು ಎರಡೇ ವರ್ಷಕ್ಕೆ ಮೂಲೆ ಸೇರಿದರೆ ಹಣವೂ ಹೋಯಿತು, ಹುಡುಗನ ಓದೂ ನಿಂತಿತು. ಆದಕಾರಣ ಇದೂ ಸಂಘದ ವಿಷಯವೇ.

ನಾವು ಮಿಡಲ್ ಸ್ಕೂಲಿಗೇ ಓದು ನಿಲ್ಲಿಸಿ ಟೇಬಲ್ ಒರೆಸುವ ಕೆಲಸಕ್ಕೆ ನಿಂತವರು. ನಮ್ಮದು ಪಂಡಿತರ ಮಾತಲ್ಲ. ಕೊಂಡವರನ್ನೂ ರಿಪೇರಿ ಮಾಡುವವರನ್ನೂ ವಿಚಾರಿಸಿ, ತಿಳಿದದ್ದನ್ನು ತಮ್ಮ ಮುಂದೆ ಇಡುತ್ತಿದ್ದೇವೆ.

ನಮ್ಮ ಹೋಟೆಲಿನ ಗ್ರೈಂಡರನ್ನೇ ನೋಡಿ. ಬೆಲ್ಟ್ ಹರಿದರೆ ಬೇರೆ ಬೆಲ್ಟ್ ಹಾಕುತ್ತೇವೆ. ಮೋಟಾರ್ ಸುಟ್ಟರೆ ವೈಂಡಿಂಗ್ ಮಾಡಿಸುತ್ತೇವೆ. ಕಲ್ಲು ನುಣುಪಾದರೆ ಉಳಿಯಿಂದ ಕೊತ್ತಿಸುತ್ತೇವೆ. ಹೀಗೆ ಒಂದೊಂದೇ ಭಾಗ ಬದಲಾಗುತ್ತ ಯಂತ್ರ ಮಾತ್ರ ವರ್ಷಗಟ್ಟಲೆ ಹಿಟ್ಟು ಅರೆಯುತ್ತದೆ. ಕಂಪ್ಯೂಟರಿಗೂ ಇದೇ ನ್ಯಾಯ. ಬಿಚ್ಚಲು ಬರುವ ಯಂತ್ರ ಬಾಳುತ್ತದೆ. ಬಿಚ್ಚಲು ಬಾರದ್ದು ಮೊದಲ ರೋಗಕ್ಕೇ ಸಾಯುತ್ತದೆ. ಇಂದು ನಾವು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಕೊಳ್ಳುವುದಕ್ಕೆ ಮೊದಲು ಒಂದು ವಿಚಾರಣೆ ಆಗಬೇಕು. ತಮಿಳುನಾಡು ಸರ್ಕಾರವು ವಿದ್ಯಾರ್ಥಿಗಳಿಗೆ ಉಚಿತವಾಗಿ ಲ್ಯಾಪ್‌ಟಾಪ್ ಕೊಡುವ ಯೋಜನೆಯನ್ನು ೨೦೧೧ರ ಸೆಪ್ಟೆಂಬರಿನಲ್ಲಿ ಆರಂಭಿಸಿತು. ಅದು ನಡುವೆ ನಿಂತುಹೋಗಿತ್ತು. ಬಳಿಕ ೨೦೨೫ರ ಮಾರ್ಚಿಯ ಬಜೆಟ್ಟಿನಲ್ಲಿ, ಎರಡು ವರ್ಷಗಳಲ್ಲಿ ೨೦ ಲಕ್ಷ ಕಾಲೇಜು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್ ಕೊಡುವುದಾಗಿ ಸರ್ಕಾರ ಪ್ರಕಟಿಸಿತು. ತಮ್ಮ ಮಗನೋ ಮಗಳೋ ಇಲ್ಲಿಯ ಕಾಲೇಜಿನಲ್ಲಿ ಓದುತ್ತಿದ್ದರೆ, ಅವರಿಗೆ ಸಿಕ್ಕುವಂತಿದೆಯೇ ಎಂದು ಮೊದಲು ಕಾಲೇಜಿನ ಆಫೀಸಿನಲ್ಲಿ ಕೇಳಿರಿ. ಕೇಳಲು ಖರ್ಚಿಲ್ಲ.

ಕೊಳ್ಳಲೇಬೇಕಾದರೆ ಅಂಗಡಿಗೆ ಹೋಗುವ ಮುಂಚೆ ಒಂದು ಸಂಗತಿ ತಿಳಿದಿರಬೇಕು. ಕಂಪ್ಯೂಟರಿಗೆ ಎರಡು ಬಗೆಯ ಸಾವುಂಟು. ಒಂದು ದೇಹದ ಸಾವು: ಬ್ಯಾಟರಿ ಇಳಿಯುವುದು, ಡಿಸ್ಕ್ ಕೆಡುವುದು, ಪರದೆ ಒಡೆಯುವುದು. ಇನ್ನೊಂದು ಒಳಗಿನ ವ್ಯವಸ್ಥೆಯ ಸಾವು. ಯಂತ್ರ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ನಡೆಸುವ ತಂತ್ರಾಂಶಕ್ಕೆ ಕಂಪೆನಿ ರಕ್ಷಣೆ ನಿಲ್ಲಿಸುತ್ತದೆ. ವಿಂಡೋಸ್ ೧೦ ಎಂಬುದಕ್ಕೆ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ೨೦೨೧ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ೧೧ ಎಲ್ಲ ಹಳೆಯ ಯಂತ್ರಗಳನ್ನೂ ಒಪ್ಪುವುದಿಲ್ಲ. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದರ ಮುಂದಿನದು ಆಗಬೇಕು, ಟಿ.ಪಿ.ಎಂ. ೨.೦ ಎಂಬ ಭದ್ರತೆಯ ಏರ್ಪಾಡೂ ಅದರಲ್ಲಿ ಇರಬೇಕು.

ಪೀಳಿಗೆಯನ್ನು ಗುರುತಿಸುವುದು ಕಷ್ಟವಲ್ಲ. ಐ೫–೮೨೫೦ ಎಂದು ಬರೆದಿದ್ದರೆ ಅಡ್ಡಗೆರೆಯ ಮುಂದಿನ ೮ ಎಂಬುದೇ ಪೀಳಿಗೆ. ಐ೫–೧೧೩೫ ಎಂದಿದ್ದರೆ ಹನ್ನೊಂದನೆಯದು. “ಐ೭ ಕೊಡುತ್ತೇವೆ, ಬಹಳ ದೊಡ್ಡದು” ಎಂದು ಅಂಗಡಿಯವರು ಹೇಳಿದರೆ, ಎಷ್ಟನೆಯ ಪೀಳಿಗೆ ಎಂದು ತಾವು ಕೇಳಬೇಕು. ನಾಲ್ಕನೆಯ ಪೀಳಿಗೆಯ ಐ೭ಕ್ಕಿಂತ ಹನ್ನೊಂದನೆಯ ಪೀಳಿಗೆಯ ಐ೩ ನಮ್ಮ ಮನೆಗೆ ಲೇಸು. ಎಂಟನೆಯ ಪೀಳಿಗೆ ಬಂದದ್ದು ೨೦೧೭ರಲ್ಲಿ. ಅದು ನಮಗೆ ಕಡೆಯ ಗಡಿ. ಕೈಲಾದರೆ ಹತ್ತು, ಹನ್ನೊಂದು ಅಥವಾ ಅದರ ಮುಂದಿನದನ್ನೇ ನೋಡಿರಿ. ಎ.ಎಂ.ಡಿ. ಕಂಪೆನಿಯ ಪ್ರೊಸೆಸರಿಗೆ ಲೆಕ್ಕ ಬೇರೆ. ಅದು ವಿಂಡೋಸ್ ೧೧ರ ಪಟ್ಟಿಯಲ್ಲಿದೆಯೇ ಎಂದು ತೋರಿಸಲು ಕೇಳಬೇಕು.

ಇನ್ನು ದೇಹದ ಮಾತು. ರ್‍ಯಾಮ್ ಎಂಬುದು ನಮ್ಮ ಅಡುಗೆಮನೆಯ ಕಟ್ಟೆಯಿದ್ದಂತೆ. ಕಟ್ಟೆ ದೊಡ್ಡದಾದಷ್ಟೂ ಒಮ್ಮೆಗೆ ಹೆಚ್ಚು ಪಾತ್ರೆ ಇಡಬಹುದು. ಡಿಸ್ಕ್ ಎಂಬುದು ಉಗ್ರಾಣ. ವಿಂಡೋಸ್ ೧೧ಕ್ಕೆ ೪ ಜಿ.ಬಿ. ರ್‍ಯಾಮ್ ಸಾಕೆಂದು ಕಾಗದದಲ್ಲಿ ಇದ್ದರೂ ಕೆಲಸಕ್ಕೆ ಅದು ಸಾಲದು. ೮ ಜಿ.ಬಿ. ಇರಲಿ, ಮುಂದೆ ೧೬ಕ್ಕೆ ಏರಿಸಲು ಜಾಗವೂ ಇರಲಿ. ಇಲ್ಲಿಯೇ ಎಚ್ಚರ ಬೇಕು. ಕೆಲವು ತೆಳುವಾದ ಲ್ಯಾಪ್‌ಟಾಪುಗಳಲ್ಲಿ ರ್‍ಯಾಮನ್ನು ಒಳಗಿನ ಹಲಗೆಗೇ ಬೆಸುಗೆ ಹಾಕಿರುತ್ತಾರೆ. ಪಟ್ಟಿಯಲ್ಲಿ ಎಲ್.ಪಿ.ಡಿ.ಡಿ.ಆರ್. ಎಂದಿದ್ದರೆ ಸಾಮಾನ್ಯವಾಗಿ ಅದೇ ಅರ್ಥ. ಡಿಸ್ಕಿನ ಜಾಗದಲ್ಲಿ ಇ.ಎಂ.ಎಂ.ಸಿ. ಎಂದಿದ್ದರೂ ಹಾಗೆಯೇ, ಬದಲಾಯಿಸಲು ಬಾರದು. ಹೊಳೆಯುವ ಹೊಸ ಯಂತ್ರವೆಂದು ಕಡಮೆ ಬೆಲೆಗೆ ಮಾರುವವುಗಳಲ್ಲಿ ಇಂಥವು ಉಂಟು. “ರ್‍ಯಾಮ್ ಹಾಕಲು ಖಾಲಿ ಸ್ಲಾಟ್ ಇದೆಯೇ? ಎಸ್.ಎಸ್.ಡಿ. ಬಿಚ್ಚಿ ಬದಲಾಯಿಸಬಹುದೇ?” ಎಂಬ ಎರಡು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಹಳೆಯ ಕಾಲದ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗುತ್ತಿರುತ್ತದೆ. ಅದು ನಿಧಾನ, ಬಿದ್ದರೆ ಕೆಡುವ ಭಯವೂ ಹೆಚ್ಚು. ಎಸ್.ಎಸ್.ಡಿ.ಯಲ್ಲಿ ತಿರುಗುವುದು ಏನೂ ಇಲ್ಲ. ೨೫೬ ಜಿ.ಬಿ.ಯ ಎಸ್.ಎಸ್.ಡಿ. ಸಾಮಾನ್ಯ ಮನೆಗೆ ಸಾಕು.

ಈಗ ಹಣದ ಲೆಕ್ಕ. ಲೆಕ್ಕಕ್ಕಾಗಿ ಹೇಳುವುದಾದರೆ, ೧೮ ಸಾವಿರದ ಬಿಚ್ಚಲಾಗದ ಯಂತ್ರ ಮೂರು ವರ್ಷ ಬಂದರೆ ವರ್ಷಕ್ಕೆ ೬ ಸಾವಿರ ಬಿದ್ದಂತಾಯಿತು. ೨೪ ಸಾವಿರದ್ದನ್ನು ಕೊಂಡು, ನಡುವೆ ಬ್ಯಾಟರಿಗೂ ರ್‍ಯಾಮಿಗೂ ೬ ಸಾವಿರ ಹಾಕಿ ಆರು ವರ್ಷ ಬಳಸಿದರೆ ವರ್ಷಕ್ಕೆ ೫ ಸಾವಿರವೇ ಆಯಿತು. ಮೂರನೆಯ ವರ್ಷಕ್ಕೆ ಮತ್ತೆ ಸಾಲ ಹುಡುಕುವ ಕಷ್ಟವೂ ತಪ್ಪಿತು. ಅಂಗಡಿಯ ಚೀಟಿಯಲ್ಲಿರುವುದು ಕೊಳ್ಳುವ ದಿನದ ಬೆಲೆ. ನಮಗೆ ಬೇಕಾದುದು ಬಾಳುವ ವರ್ಷದ ಬೆಲೆ.

ಹೊಸದೋ ಹಳೆಯದೋ? ಹಳೆಯದೆಂದರೆ ಮುಖ ಸಿಂಡರಿಸಬೇಕಾಗಿಲ್ಲ. ದೊಡ್ಡ ಕಚೇರಿಗಳು ತಮ್ಮ ಯಂತ್ರಗಳನ್ನು ಕೆಲವು ವರ್ಷ ಬಳಸಿ ಒಟ್ಟಾಗಿ ಮಾರಿಬಿಡುತ್ತವೆ. ಲೆನೊವೊದ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್, ಎಚ್.ಪಿ.ಯ ಎಲೀಟ್‌ಬುಕ್ ಎಂಬ ವರ್ಗದವು ಕಚೇರಿಯ ದುಡಿಮೆಗೆಂದೇ ಮಾಡಿದವು. ಅವುಗಳ ಬಿಡಿಭಾಗಗಳು ಮಾರುಕಟ್ಟೆಯಲ್ಲಿ ಸಿಕ್ಕುತ್ತವೆ; ಬಿಚ್ಚಿ ಬಲ್ಲವರೂ ಇದ್ದಾರೆ. ಆದರೆ ಈ ವರ್ಗದಲ್ಲಿಯೂ ತೆಳುವಾದ ಮಾದರಿಗಳಿಗೆ ರ್‍ಯಾಮ್ ಬೆಸುಗೆ ಹಾಕಿದ್ದುಂಟು. ಚೀಟಿಯ ಪ್ರಶ್ನೆಗಳನ್ನು ಇಲ್ಲಿಯೂ ಕೇಳಲೇಬೇಕು. ಮನೆಯಲ್ಲಿ ಒಂದು ಮೇಜಿಗೆ ಜಾಗವಿದ್ದರೆ ಕಚೇರಿಯ ಸಣ್ಣ ಡೆಸ್ಕ್‌ಟಾಪ್ ಇನ್ನೂ ಮೇಲು. ಪರದೆ ಬೇರೆ, ಕೀಲಿಮಣೆ ಬೇರೆ, ಪೆಟ್ಟಿಗೆ ಬೇರೆ. ಯಾವುದು ಕೆಟ್ಟರೆ ಅದನ್ನಷ್ಟೇ ಬದಲಾಯಿಸಬಹುದು. ಅದಕ್ಕೆ ಯು.ಪಿ.ಎಸ್. ಖರ್ಚನ್ನೂ ಸೇರಿಸಿಕೊಳ್ಳಿ. ಒಂದೇ ಕೋಣೆಯಲ್ಲಿ ಬಾಳುವವರಿಗೆ, ಹುಡುಗ ಕಾಲೇಜಿಗೆ ಹೊತ್ತೊಯ್ಯಬೇಕಾದವರಿಗೆ ಲ್ಯಾಪ್‌ಟಾಪೇ ಸರಿ.

ಈ ಊರಿನಲ್ಲಿ ಇಂಥ ವ್ಯಾಪಾರಕ್ಕೆ ಹೆಸರಾದದ್ದು ಅಣ್ಣಾ ಸಾಲೈ ಪಕ್ಕದ ರಿಚ್ಚಿ ಸ್ಟ್ರೀಟ್. ಚಿಂತಾದ್ರಿಪೇಟೆ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಅಲ್ಲಿ ಹೊಸದು, ಹಳೆಯದು, ಬಿಡಿಭಾಗ, ರಿಪೇರಿ ಎಲ್ಲವೂ ಉಂಟು. ಮೊದಲ ಅಂಗಡಿಯಲ್ಲೇ ಹಣ ಕೊಡದೆ ನಾಲ್ಕು ಕಡೆ ವಿಚಾರಿಸಬೇಕು. ಹಗಲು ಬೆಳಕಿನಲ್ಲಿ ನೋಡಬೇಕು. ಹಳೆಯ ಯಂತ್ರವನ್ನು ಅಲ್ಲಿಯೇ ಅರ್ಧ ಗಂಟೆ ನಡೆಸಿ ಪರೀಕ್ಷಿಸಬೇಕು. ಪ್ರತಿಯೊಂದು ಕೀಲಿ ಒತ್ತಿರಿ; ಪರದೆಯನ್ನು ಬಿಳಿ ಮಾಡಿ ಕಲೆ ಇದೆಯೇ ನೋಡಿರಿ; ವೈಫೈ, ಕ್ಯಾಮೆರಾ, ಸದ್ದು, ಚಾರ್ಜರ್ ಸಿಕ್ಕಿಸುವ ತೂತು ನೋಡಿರಿ; ಕೀಲುಗಳು ಸಡಿಲವಾಗಿವೆಯೇ ಎಂದು ಮುಚ್ಚಿ ತೆರೆಯಿರಿ. ಬ್ಯಾಟರಿ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ವರದಿಯನ್ನು ವಿಂಡೋಸ್ ತಾನೇ ಕೊಡಬಲ್ಲದು. ಅದನ್ನು ತೆಗೆದು ತೋರಿಸಲು ಹೇಳಿರಿ. ಹಳೆಯ ಕಂಪೆನಿಯ ಬೀಗ, ಎಂದರೆ ಬಯಾಸ್ ಪಾಸ್‌ವರ್ಡ್, ಉಳಿದಿದ್ದರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಬಿಲ್ಲಿನ ವಿಷಯ ವಿಶೇಷವಾಗಿ ಅರಿಕೆ ಮಾಡಿಕೊಳ್ಳುತ್ತೇವೆ. “ಬಿಲ್ ಬೇಡವೆಂದರೆ ಜಿ.ಎಸ್.ಟಿ. ಉಳಿಯುತ್ತದೆ” ಎನ್ನುವವರು ಇದ್ದಾರೆ. ಕಂಪ್ಯೂಟರಿನ ಮೇಲೆ ಜಿ.ಎಸ್.ಟಿ. ಶೇಕಡ ೧೮. ಅದನ್ನು ಉಳಿಸಹೋಗಿ ನಮ್ಮ ಸಾಕ್ಷಿಯನ್ನೇ ಕಳೆದುಕೊಳ್ಳುತ್ತೇವೆ. ನಮ್ಮ ಬಂಧುವೊಬ್ಬರು ಹಾಗೆ ಕೊಂಡ ಯಂತ್ರ ಹತ್ತೇ ದಿನಕ್ಕೆ ನಿಂತಾಗ, ಅಂಗಡಿಯವನು “ಇದು ನಮ್ಮಲ್ಲಿ ಕೊಂಡದ್ದೇ ಅಲ್ಲ” ಎಂದುಬಿಟ್ಟ. ತೋರಿಸಲು ಕಾಗದವಿಲ್ಲದೆ ಅವರು ಬರಿಗೈಯಲ್ಲಿ ಮರಳಿದರು. ಬಿಲ್ಲಿನ ಮೇಲೆ ಯಂತ್ರದ ಕ್ರಮಸಂಖ್ಯೆಯನ್ನೂ ಎಷ್ಟು ತಿಂಗಳ ವಾರಂಟಿ ಎಂಬುದನ್ನೂ ಬರೆಯಿಸಿರಿ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ ೫ ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. ೧೯೧೫ ಎಂಬ ಸಂಖ್ಯೆಗೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಕ್ಕುತ್ತದೆ.

ಹಣ ಹೊಂದಿಸುವ ದಾರಿಯಲ್ಲೂ ಎಚ್ಚರ ಬೇಕು. “ಬಡ್ಡಿಯಿಲ್ಲದ ಕಂತು” ಎಂಬ ಹಲಗೆ ಎಲ್ಲ ಕಡೆ ತೂಗುತ್ತದೆ. ಸೊನ್ನೆ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಬೇರೆ ಹೆಸರಿನಲ್ಲಿ ವಸೂಲು ಮಾಡಲಾಗುತ್ತಿದೆ ಎಂದು ರಿಸರ್ವ್ ಬ್ಯಾಂಕೇ ೨೦೧೩ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ತಿಳಿಸಿತು. ಒಮ್ಮೆಗೇ ಹಣ ಕೊಟ್ಟರೆ ಎಷ್ಟು, ಕಂತುಗಳನ್ನೂ ಶುಲ್ಕವನ್ನೂ ಕೂಡಿದರೆ ಎಷ್ಟು ಎಂದು ಎರಡನ್ನೂ ಬರೆದು ನೋಡಿರಿ. ಅದಕ್ಕಿಂತಲೂ ಕೆಟ್ಟದ್ದು ಯಜಮಾನರಿಂದ ಮುಂಗಡ ಎತ್ತುವುದು. ಮುಂಗಡ ತೀರುವತನಕ ಬೇರೆ ಕಡೆ ಹೆಚ್ಚು ಸಂಬಳ ಸಿಕ್ಕಿದರೂ ಹೋಗಲಾರಿರಿ. ರಜೆ ಕೇಳಲು ನಾಲಿಗೆ ಏಳುವುದಿಲ್ಲ. ಹುಡುಗನ ಓದಿಗೆ ತಂದ ಯಂತ್ರ ಅಪ್ಪನ ಕಾಲಿನ ಸರಪಳಿಯಾಗಬಾರದು. ದೀಪಾವಳಿ ಬೋನಸ್ಸಿನವರೆಗೆ ಕಾಯುವುದು, ತಿಂಗಳು ತಿಂಗಳು ಸ್ವಲ್ಪ ತೆಗೆದಿಡುವುದು, ಬೇಕಾದರೆ ಸಾಮಾನ್ಯವಾದದ್ದನ್ನು ಕೊಂಡು ಮರುವರ್ಷ ರ್‍ಯಾಮ್ ಏರಿಸುವುದು — ಇವೇ ನಮಗೆ ತಕ್ಕ ದಾರಿ. ಬಿಚ್ಚಲು ಬರುವ ಯಂತ್ರದ ದೊಡ್ಡ ಲಾಭ ಇಲ್ಲಿದೆ. ಅದನ್ನು ಸಾಲವಿಲ್ಲದೆ ಸ್ವಲ್ಪ ಸ್ವಲ್ಪವಾಗಿ ಬೆಳೆಸಬಹುದು.

ತಂದ ಮೇಲೆ ಸಾಕಬೇಕು. ಚೆನ್ನೈಯ ಸೆಕೆ ಬ್ಯಾಟರಿಗೆ ಶತ್ರು. ಸಮುದ್ರದ ಉಪ್ಪುಗಾಳಿ ಒಳಗಿನ ಲೋಹಕ್ಕೆ ಶತ್ರು. ಹಾಸಿಗೆಯ ಮೇಲಿಟ್ಟು ನಡೆಸಿದರೆ ಗಾಳಿಯ ಕಿಂಡಿ ಮುಚ್ಚಿ ಯಂತ್ರ ಬೇಯುತ್ತದೆ. ಹಲಗೆಯ ಮೇಲೆ ಇಡಿರಿ. ಒಗ್ಗರಣೆಯ ಹೊಗೆ ತಾಗುವಲ್ಲಿ ಇಡಬೇಡಿ. ವರ್ಷಕ್ಕೊಮ್ಮೆ ಬಿಚ್ಚಿಸಿ ಧೂಳು ತೆಗೆಸಿರಿ. ೨೦೧೫ರ ಡಿಸೆಂಬರಿನ ನೆರೆಯನ್ನೂ ೨೦೨೩ರ ಡಿಸೆಂಬರಿನ ಮಿಚಾಂಗ್ ಚಂಡಮಾರುತವನ್ನೂ ಕಂಡವರು ನಾವು. ಮಳೆಗಾಲದಲ್ಲಿ ನೆಲದ ಮೇಲೆ ಯಂತ್ರವಾಗಲಿ ಯು.ಪಿ.ಎಸ್. ಆಗಲಿ ಇರಕೂಡದು. ಮುಖ್ಯವಾದ ಕಾಗದಪತ್ರಗಳ ಪ್ರತಿಯನ್ನು ಇನ್ನೊಂದು ಕಡೆಯೂ ಉಳಿಸಿಡಬೇಕು.

ಮನೆಯಲ್ಲಿ ಆಗಲೇ ಹಳೆಯ ಯಂತ್ರವೊಂದು ಇದ್ದು ವಿಂಡೋಸ್ ೧೧ ಅದಕ್ಕೆ ಒಗ್ಗದಿದ್ದರೆ, ಗುಜರಿಗೆ ಹಾಕುವ ಮುಂಚೆ ಒಂದು ಮಾತು ಕೇಳಿರಿ. ಲಿನಕ್ಸ್ ಎಂಬ ಬೆಲೆಯಿಲ್ಲದ ವ್ಯವಸ್ಥೆಯುಂಟು. ಅದರಲ್ಲಿ ಒಂದಾದ ಬಾಸ್ ಎಂಬುದನ್ನು ಸಿದ್ಧಪಡಿಸಿದ್ದು ಸರ್ಕಾರದ ಸಿ–ಡ್ಯಾಕ್ ಸಂಸ್ಥೆಯ ಇದೇ ಚೆನ್ನೈಯ ಶಾಖೆ. ಲಿನಕ್ಸಿನಲ್ಲಿ ಕನ್ನಡ ಬರೆಯಬಹುದು, ಓದಬಹುದು, ಜಾಲ ನೋಡಬಹುದು. ಹಾರ್ಡ್ ಡಿಸ್ಕ್ ತೆಗೆದು ಎಸ್.ಎಸ್.ಡಿ. ಹಾಕಿ ಲಿನಕ್ಸ್ ತುಂಬಿದರೆ, ಸತ್ತಿತೆಂದ ಎಷ್ಟೋ ಯಂತ್ರಗಳು ಇನ್ನೂ ಕೆಲವು ವರ್ಷ ದುಡಿಯುತ್ತವೆ. ಕಾಲೇಜಿನವರು ವಿಂಡೋಸಿನ ತಂತ್ರಾಂಶವನ್ನೇ ಕೇಳುವರೇ ಎಂದು ಮಾತ್ರ ಮೊದಲೇ ವಿಚಾರಿಸಬೇಕು.

ಬಂಧುಗಳೆ, ಕೊನೆಯದಾಗಿ ಸಂಘದ ಪರವಾಗಿ ಒಂದು ಸಲಹೆ. ಕಚೇರಿಯ ಮೇಜಿನ ಮೇಲೆ ಇಂದಿನಿಂದ ಒಂದು ನೋಟುಪುಸ್ತಕ ಇಡುತ್ತೇವೆ. ಕಂಪ್ಯೂಟರ್ ಕೊಂಡ ಪ್ರತಿಯೊಬ್ಬರೂ ಯಾವ ಮಾದರಿ, ಎಷ್ಟು ಬೆಲೆ, ಯಾವಾಗ ಏನು ಕೆಟ್ಟಿತು, ರಿಪೇರಿಗೆ ಎಷ್ಟಾಯಿತು ಎಂದು ಅದರಲ್ಲಿ ಬರೆಯಬೇಕು. ಬರೆಯಲು ಬಾರದವರು ಹೇಳಿದರೆ ನಾವು ಬರೆದುಕೊಳ್ಳುತ್ತೇವೆ. ಜಾಹೀರಾತು ಮಾರುವವನ ಮಾತು; ಈ ಪುಸ್ತಕದಲ್ಲಿ ಇರುವುದು ಬಳಸಿದವನ ಮಾತು. ಮುಂದೆ ಕೊಳ್ಳುವವರು ಅದನ್ನು ಓದಿ ಹೋಗಲಿ. ಒಬ್ಬರೇ ಹೋಗಲು ಅಳುಕುವವರ ಜೊತೆಗೆ, ಬಿಡುವಿನ ದಿನ ನೋಡಿಕೊಂಡು, ಸಂಘದಿಂದ ಒಬ್ಬರು ಬರುತ್ತಾರೆ. ಕಡಮೆ ಹಣದಲ್ಲಿ ಕೊಂಡದ್ದು ಕಡಮೆ ದಿನ ಬಾಳಬೇಕೆಂದೇನೂ ಇಲ್ಲ. ವಿಚಾರಿಸಿ ಕೊಳ್ಳಿರಿ, ಬಿಲ್ ಪಡೆಯಿರಿ, ಬಿಚ್ಚಿಸಿ ರಿಪೇರಿ ಮಾಡಿಸಿರಿ.