ಕ್ಲೋರಿನ್, ಬೆಳಕು ಮತ್ತು ಸರಪಳಿ ಕ್ರಿಯೆ
(ಹೈದರಾಬಾದಿನ ಅಬಿಡ್ಸ್‌ನಲ್ಲಿ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಸಾರ)



ನಾವು ಸೇರಿರುವ ಈ ಅಬಿಡ್ಸ್‌ಗೆ ಸಮೀಪದಲ್ಲೇ ಅಫ್ಜಲ್‌ಗಂಜ್ ಇದೆ. ಅಲ್ಲಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ಎಡ್ವರ್ಡ್ ಲಾರಿಯವರ ಪ್ರಯತ್ನದಿಂದ, ಆರನೆಯ ನಿಜಾಮರ ಧನಸಹಾಯದಿಂದ, 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ಈ ನಗರದಲ್ಲಿ ಕಾರ್ಯನಿರ್ವಹಿಸಿದವು. ಆ ಅರಿವಳಿಕೆಯಿಂದ ಹೃದಯಕ್ಕೆ ನೇರ ಅಪಾಯವಿಲ್ಲವೆಂಬ ಅವುಗಳ ನಿರ್ಣಯವು ಮುಂದಿನ ಸಂಶೋಧನೆಗಳ ಎದುರು ನಿಲ್ಲಲಿಲ್ಲ.

ಕ್ಲೋರೋಫಾರ್ಮ್ ಎಂದರೇನು? ಮೀಥೇನ್ ಅಣುವಿನಲ್ಲಿ ಒಂದು ಕಾರ್ಬನ್, ನಾಲ್ಕು ಹೈಡ್ರೋಜನ್ ಪರಮಾಣುಗಳಿರುತ್ತವೆ. ಮೂರು ಹೈಡ್ರೋಜನ್‌ಗಳ ಸ್ಥಾನದಲ್ಲಿ ಕ್ಲೋರಿನ್ ಬಂದರೆ ಅದೇ ಕ್ಲೋರೋಫಾರ್ಮ್. ಅಂದು ಅದನ್ನು ಬ್ಲೀಚಿಂಗ್ ಪುಡಿ ಮತ್ತು ಮದ್ಯಸಾರಗಳಿಂದ ತಯಾರಿಸುತ್ತಿದ್ದರು. ಮೀಥೇನ್ ಮತ್ತು ಕ್ಲೋರಿನ್‌ಗಳಿಂದ ತಯಾರಿಸುವ ಕ್ರಮ ಅನಂತರ ಬಂದಿತು.

ಕತ್ತಲಲ್ಲಿ, ಸಾಧಾರಣ ಉಷ್ಣತೆಯಲ್ಲಿ ಇವೆರಡೂ ಅನಿಲಗಳು ಸುಮ್ಮನಿರುತ್ತವೆ. ಅತಿನೇರಳೆ ಕಿರಣ ಅಥವಾ ಅಧಿಕ ಉಷ್ಣ ತಗುಲಿದಾಗ ಕ್ಲೋರಿನ್ ಅಣು ಎರಡು ಪರಮಾಣುಗಳಾಗಿ ಸೀಳುತ್ತದೆ. ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನನ್ನು ಹೊತ್ತ ಇಂತಹ ಕಣವೇ ಮುಕ್ತ ರ‍್ಯಾಡಿಕಲ್. ಅದು ಮೀಥೇನಿನಿಂದ ಒಂದು ಹೈಡ್ರೋಜನ್ನನ್ನು ಕಿತ್ತುಕೊಂಡು ಹೈಡ್ರೋಜನ್ ಕ್ಲೋರೈಡ್ ಆಗುತ್ತದೆ. ಉಳಿದ ಮೀಥೈಲ್ ರ‍್ಯಾಡಿಕಲ್ ಇನ್ನೊಂದು ಕ್ಲೋರಿನ್ ಅಣುವಿನಿಂದ ಒಂದು ಪರಮಾಣುವನ್ನು ಪಡೆದು ಮೀಥೈಲ್ ಕ್ಲೋರೈಡ್ ಆಗುತ್ತದೆ. ಮತ್ತೊಂದು ಕ್ಲೋರಿನ್ ಪರಮಾಣು ಬಿಡುಗಡೆಯಾಗಿ ಅದೇ ಕಾರ್ಯವನ್ನು ಮುಂದುವರಿಸುತ್ತದೆ. ಹೀಗೆ ಒಂದು ಆರಂಭದಿಂದ ಸಾವಿರಾರು ಅಣುಗಳು ಮಾರ್ಪಡಬಹುದು. ಎರಡು ರ‍್ಯಾಡಿಕಲ್‌ಗಳು ಪರಸ್ಪರ ಕೂಡಿದಾಗ ಮಾತ್ರ ಆ ಸರಪಳಿ ಕಡಿಯುತ್ತದೆ.

ಕ್ರಿಯೆ ಮೊದಲ ಹಂತದಲ್ಲಿಯೇ ನಿಲ್ಲುವುದಿಲ್ಲ. ಕ್ಲೋರಿನ್ ಹೆಚ್ಚಾದಂತೆ ಮೀಥೈಲೀನ್ ಕ್ಲೋರೈಡ್, ಕ್ಲೋರೋಫಾರ್ಮ್, ಕೊನೆಗೆ ಕಾರ್ಬನ್ ಟೆಟ್ರಾಕ್ಲೋರೈಡ್ ದೊರೆಯುತ್ತವೆ. ಮೀಥೈಲ್ ಕ್ಲೋರೈಡೇ ಹೆಚ್ಚಾಗಿ ಬೇಕಾದರೆ ಮೀಥೇನನ್ನು ಯಥೇಚ್ಛವಾಗಿ ಇರಿಸಬೇಕು. ಫ್ಲೋರಿನ್ ಸ್ಫೋಟಕ ವೇಗದಿಂದ ವರ್ತಿಸುತ್ತದೆ, ಬ್ರೋಮಿನ್ ನಿಧಾನ, ಅಯೋಡಿನ್ ಬಹುತೇಕ ವರ್ತಿಸುವುದೇ ಇಲ್ಲ.

ಕಾರ್ಖಾನೆಯಲ್ಲಿ ಉಪಕಾರಿಯಾದ ಕ್ಲೋರಿನ್ ಪರಮಾಣು ಆಕಾಶದಲ್ಲಿ ಅಪಕಾರಿ. ಒಂದು ಕಾಲದಲ್ಲಿ ಬಟ್ಟೆಯ ಕಲೆ ತೆಗೆಯಲು, ಬೆಂಕಿ ಆರಿಸಲು ಬಳಸುತ್ತಿದ್ದ ಕಾರ್ಬನ್ ಟೆಟ್ರಾಕ್ಲೋರೈಡ್ ಮೇಲಣ ವಾಯುಮಂಡಲಕ್ಕೇರಿ ಅತಿನೇರಳೆ ಕಿರಣಗಳಿಂದ ಒಡೆಯುತ್ತದೆ. ಅಲ್ಲಿ ಬಿಡುಗಡೆಯಾದ ಒಂದೊಂದು ಕ್ಲೋರಿನ್ ಪರಮಾಣುವೂ ಮತ್ತೊಂದು ಸರಪಳಿ ಕ್ರಿಯೆಯಿಂದ ಸಾವಿರಾರು ಓಜೋನ್ ಅಣುಗಳನ್ನು ನಾಶಪಡಿಸಬಲ್ಲದು. ಆದ್ದರಿಂದಲೇ 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವು 1992ರಲ್ಲಿ ಸೇರಿತು. ಇತರ ರಾಸಾಯನಿಕಗಳ ಕಚ್ಚಾವಸ್ತುವಾಗಿ ಬಳಸುವುದನ್ನು ಹೊರತುಪಡಿಸಿ, ಈ ದ್ರವದ ಸಾಮಾನ್ಯ ಬಳಕೆಗಳನ್ನು 2010ರ ವೇಳೆಗೆ ಕೈಬಿಡಲಾಯಿತು.

ಶಾಲಾ ಪ್ರಯೋಗಶಾಲೆಗಳಿಗೂ ಇದರಲ್ಲಿ ಒಂದು ಎಚ್ಚರಿಕೆ ಇದೆ. ಬೆಳಕು ಮತ್ತು ಗಾಳಿ ಸೋಕಿದರೆ ಕ್ಲೋರೋಫಾರ್ಮ್‌ನಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಅದನ್ನು ಕಂದುಬಣ್ಣದ ಸೀಸೆಯಲ್ಲಿ, ಬಿಗಿಯಾಗಿ ಮುಚ್ಚಿ, ತಂಪಾದ ಕತ್ತಲೆಯ ಸ್ಥಳದಲ್ಲಿ ಇಡುವುದು ಅವಶ್ಯಕ. ಸರಪಳಿ ಎಲ್ಲಿ ಆರಂಭವಾಗುತ್ತದೆಂದು ತಿಳಿದವರಿಗೆ ಅದು ಆರಂಭವಾಗದಂತೆ ತಡೆಯುವ ಬಗೆಯೂ ತಿಳಿದಿರುತ್ತದೆ.