ಮರದ ಒಡಲಿಗೆ ಅಗಸೆಯೆಣ್ಣೆ



ವೀಣೆಯ ಕೊಡವನ್ನು ಕಂಡು ಬಲ್ಲವರಿಗೆ ವಿದ್ಯುತ್ ಗಿಟಾರಿನ ಒಡಲು ವಿಚಿತ್ರವಾಗಿ ತೋರುವುದು. ಅದರಲ್ಲಿ ಟೊಳ್ಳೇ ಇಲ್ಲ; ಅದೊಂದು ಗಟ್ಟಿಯಾದ ಹಲಗೆ. ಉಕ್ಕಿನ ತಂತಿಯ ಕಂಪನವನ್ನು ಅದರ ಕೆಳಗಿರುವ ಅಯಸ್ಕಾಂತವೂ ತಾಮ್ರದ ಸುರುಳಿಯೂ ವಿದ್ಯುತ್ತನ್ನಾಗಿ ಮಾರ್ಪಡಿಸುವುವು. ಆದುದರಿಂದ ಎಣ್ಣೆ ಹಚ್ಚಿದರೆ ನಾದವೇ ಬೇರೆಯಾಗುವುದೆಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಎಣ್ಣೆಯ ಫಲ ಕಣ್ಣಿಗೆ ಮತ್ತು ಕೈಗೆ. ಅಮೆರಿಕದ ಲಿಯೋ ಫೆಂಡರ್ 1950ರಿಂದ ಮಾರಿದ ಇಂಥ ವಾದ್ಯಗಳಿಗೆ ಸೆಲ್ಯುಲೋಸಿನ ಮೆರುಗನ್ನು ಯಂತ್ರದಿಂದ ಸಿಂಪಡಿಸುತ್ತಿದ್ದರು. ಮನೆಯಲ್ಲಿ ಕೆಲಸ ಮಾಡುವವನಿಗಾದರೋ ಒಂದು ಬಟ್ಟೆಯ ಚೂರು, ಸ್ವಲ್ಪ ಎಣ್ಣೆ ಇದ್ದರೆ ಸಾಕು.

ಆದರೆ ಯಾವ ಎಣ್ಣೆ? ಕೊಬ್ಬರಿ ಎಣ್ಣೆ, ಹರಳೆಣ್ಣೆಗಳು ಎಷ್ಟು ದಿನ ಕಳೆದರೂ ಜಿಡ್ಡಾಗಿಯೇ ಉಳಿದು ಧೂಳನ್ನು ಹಿಡಿಯುವುವು. ನಮ್ಮ ಉತ್ತರ ಕರ್ನಾಟಕದವರು ಚಟ್ನಿಪುಡಿಗೆ ಬಳಸುವ ಅಗಸೆಯ ಬೀಜದ ಎಣ್ಣೆಯ ಗುಣವೇ ಬೇರೆ. ಅದು ಒಣಗುವುದೆಂದರೆ ನೀರಿನಂತೆ ಆವಿಯಾಗುವುದಲ್ಲ; ಗಾಳಿಯ ಆಮ್ಲಜನಕವನ್ನು ಹೀರಿ ತಾನೇ ಗಟ್ಟಿಯಾಗುವುದು. ಬಣ್ಣದ ಅಂಗಡಿಯಲ್ಲಿ ಬಾಯ್ಲ್ಡ್ ಲಿನ್‌ಸೀಡ್ ಎಂದು ಕೇಳಿದರೆ ಬೇಗ ಒಣಗುವ ಬಗೆ ದೊರೆಯುವುದು. ಹಸಿಯೆಣ್ಣೆಗೆ ವಾರಗಳೇ ಬೇಕು.

ಗಾಳಿಯೇ ಈ ಕೆಲಸದ ಜೀವವೆಂಬುದನ್ನು ನಾನು ತಪ್ಪು ಮಾಡಿ ಕಲಿತೆ. ಮಗನ ಗಿಟಾರಿಗೆ ಮೊದಲ ಸಲ ಧಾರಾಳವಾಗಿ ಎಣ್ಣೆ ಬಳಿದೆ. ಮೇಲೆ ಕೆನೆ ಕಟ್ಟಿತು. ಕೆಳಗೆ ಗಾಳಿ ತಗುಲದೆ ತಿಂಗಳಾದರೂ ಅಂಟು ಆರಲಿಲ್ಲ. ಎಲ್ಲವನ್ನೂ ಕೆರೆದು ತೆಗೆಯಬೇಕಾಯಿತು.

ಎರಡನೆಯ ಸಲ ಕ್ರಮವಾಗಿ ನಡೆದೆವು. ತಂತಿ, ಸುರುಳಿ, ತಿರುಪುಗಳನ್ನೆಲ್ಲ ಬಿಚ್ಚಿಟ್ಟು, 220ರ ಮರಳುಕಾಗದದಿಂದಲೂ ಅನಂತರ 320ರಿಂದಲೂ ಮರದ ಎಳೆಯ ಜಾಡಿನಲ್ಲೇ ಉಜ್ಜಿ, ಧೂಳನ್ನು ಒರೆಸಿದೆವು. ಎಣ್ಣೆಯನ್ನು ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು, ಮರ ಕುಡಿಯದೆ ಉಳಿಸಿದ್ದನ್ನು ಪೂರ್ತಿಯಾಗಿ ಒರೆಸಿ ತೆಗೆದೆವು. ಕೈಗೆ ಜಿಡ್ಡು ಹತ್ತದಷ್ಟು ಆರಿದ ಮೇಲೆಯೇ ಮುಂದಿನ ಲೇಪ. ಹೀಗೆ ನಾಲ್ಕು ಲೇಪಗಳಾದಾಗ ಮಂಕಾಗಿದ್ದ ಮರದಲ್ಲಿ ಜೇನಿನ ಬಣ್ಣ ಮೂಡಿತು. ಈ ಲೇಪ ಬೆವರನ್ನೂ ನೀರನ್ನೂ ಅಷ್ಟಾಗಿ ತಡೆಯಲಾರದು. ಆದರೆ ಗೀರು ಬಿದ್ದಲ್ಲಿ ಉಜ್ಜಿ ಮತ್ತೆ ಎಣ್ಣೆ ಸವರಿದರೆ ಸರಿಹೋಗುವುದು.

ಕೊನೆಯದಾಗಿ ಒಂದು ಮುಖ್ಯವಾದ ಎಚ್ಚರಿಕೆ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಮಗ ಅದನ್ನು ಮುಟ್ಟಿ, "ಅಪ್ಪಾ, ಇದು ಸುಡುತ್ತಿದೆ!" ಎಂದು ಕೂಗಿದ. ಎಣ್ಣೆ ಆಮ್ಲಜನಕವನ್ನು ಹೀರುವಾಗ ಶಾಖ ಹುಟ್ಟುವುದು. ಹರಡಿದ ಬಟ್ಟೆಯಿಂದ ಅದು ಹೊರಟುಹೋಗುವುದು; ಮುದ್ದೆಯೊಳಗೆ ಸೇರುತ್ತಾ ಹೋಗಿ, ಕಿಡಿಯಿಲ್ಲದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ಆ ಬುಟ್ಟಿಯಿದ್ದದ್ದು ಪುಸ್ತಕದ ಬೀರುವಿನ ಪಕ್ಕದಲ್ಲಿ. ಅಂದಿನಿಂದ ಅಂಥ ಬಟ್ಟೆಗಳನ್ನು ಕೂಡಲೇ ನೀರಿನಲ್ಲಿ ನೆನೆಸಿ, ಅಂಗಳದಲ್ಲಿ ಒಂದೊಂದಾಗಿ ಹರಡುತ್ತೇನೆ. ತಾವೂ ಹಾಗೆಯೇ ಮಾಡಬೇಕೆಂದು ಪ್ರಾರ್ಥಿಸುತ್ತೇನೆ.